ಕೊನೆಯ ಸಾವಿನ ರೆಕಾರ್ಡಿಂಗ್

ಮ್ಯೂನಿಕ್ ಪಕ್ಕದ ಉಂಟರ್‌ಫ್ಯೋರಿಂಗ್‌ನ ಡಬ್ಬಿಂಗ್ ಸ್ಟುಡಿಯೋಗೆ ಕಂಪ್ಯೂಟರ್ ಸರಿಮಾಡಲು ಹೋಗಿದ್ದೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಒಬ್ಬ ಹಾಲಿವುಡ್ ನಟನಿಗೆ ಸಾಮಾನ್ಯವಾಗಿ ಕೊನೆಯವರೆಗೂ ಒಬ್ಬರದೇ ಜರ್ಮನ್ ದನಿ. ಅಲ್ಲಿ ಕೂತಿದ್ದ ವಯಸ್ಸಾದವರು ಅಂಥದೊಂದು ದನಿ. ಅವರ ನಟ ಹೀರೋ ಅಲ್ಲ. ಜಡ್ಜ್, ಚಿಕ್ಕಪ್ಪ, ಕೊನೆಗೆ ಸಾಯುವ ಖಳ, ಇಂಥವೇ ಪಾತ್ರಗಳು. ಈಗ ಆತ ನಿವೃತ್ತ. ಆತನ ಕೊನೆಯ ಚಿತ್ರದ ಸಾಯುವ ದೃಶ್ಯಕ್ಕೆ ಇವರು ಕೊಟ್ಟಿದ್ದ ದನಿಯನ್ನೇ ಕಂಪ್ಯೂಟರ್ ನುಂಗಿತ್ತು.

"ಸರ್, ಇನ್ನೊಮ್ಮೆ ಸಾಯಬೇಕಾಗುತ್ತೆ," ಎಂದೆ ಹೆದರುತ್ತಾ.

"ಅಭ್ಯಾಸ ಇದೆ," ಎಂದು ಕೋಟು ಬಿಚ್ಚಿದರು.

"ಆ ನಟರನ್ನು ಯಾವತ್ತಾದರೂ ನೋಡಿದ್ದೀರಾ?"

"ಇಲ್ಲ. ನಾನಿರೋದೇ ಅವನಿಗೆ ಗೊತ್ತಿಲ್ಲ. ಅವನು ನಿಲ್ಲಿಸಿದ, ಇದಾದ ಮೇಲೆ ನನಗೂ ಕೆಲಸವಿಲ್ಲ."

ಕಂಪ್ಯೂಟರ್ ಕಡೆ ನೋಡಿ ಕೇಳಿದರು: "ನಿಧಾನವಾಗಿ ಸರಿಮಾಡ್ತೀರಾ?"

ಹಾಗೆ ಕೇಳಿದ ಗಿರಾಕಿ ಅವರೊಬ್ಬರೇ. ಉಳಿದವರಿಗೆಲ್ಲ ಕೇಳದೆಯೇ ನಿಧಾನವಾಗಿ ಮಾಡಿಕೊಟ್ಟಿದ್ದೇನೆ.