ನಬಿರ್ಯೆಯ ಕೆಸು

ಬುಸೋಗಾ ಸೀಮೆಯ ನಮ್ಮೂರಿನ ಸೋಡಾ ಕಾರ್ಖಾನೆಗೆ ಹಿಂಗೋಡೆಯಲ್ಲೊಂದು ಕೊಳವೆ. ಬಾಟಲಿ ತೊಳೆದ ಕೊನೆಯ ನೀರು ಅಲ್ಲಿಂದ ಇಳಿದು, ಕಾಲುವೆ ಹಿಡಿದು, ನಬಿರ್ಯೆಯ ಕೆಸುವಿನ ಪಾತಿಗೆ ಬರುತ್ತಿತ್ತು. ಅವಳಿ ಹೆತ್ತವಳನ್ನು ನಮ್ಮಲ್ಲಿ ಹೆಸರು ಹಿಡಿದು ಕೂಗುವುದಿಲ್ಲ, ನಬಿರ್ಯೆ ಎನ್ನುತ್ತಾರೆ. ಗಂಡ ತೀರಿದ ಮೇಲೆ ಆಕೆ ಅವಳಿಗಳನ್ನು ಸಾಕಿದ್ದು ಆ ಕೆಸುವಿನಲ್ಲೇ.

ಮಳೆಯಿಲ್ಲದ ತಿಂಗಳಲ್ಲಿ ಕಾಲುವೆಯ ನೀರು ಸಣ್ಣಗಾಯಿತು, ಆಮೇಲೆ ನಿಂತಿತು. ನೀರು ನಿಂತರೆ ನಮ್ಮೂರವರಿಗೆ ಅರ್ಥ ಒಂದೇ: ಎಲ್ಲೋ ಕಸ ಕಟ್ಟಿದೆ. ನೀರು ಕೊನೆಗೆ ಯಾರಿಗೆ ಸಿಗುತ್ತದೋ ಅವರೇ ಬಿಡಿಸಬೇಕು, ಅದು ರೂಢಿ. ನಬಿರ್ಯೆ ಗುದ್ದಲಿ ಹಿಡಿದು ಕೆಳಗಿನಿಂದ ಮೇಲಕ್ಕೆ ಕೆರೆಯುತ್ತ ಹೋದಳು. ಚೀಲ, ಬಾಳೆಸಿಪ್ಪೆ, ಯಾರದೋ ಒಂಟಿ ಚಪ್ಪಲಿ. ಗೋಡೆ ಮುಟ್ಟಿ ಕೊಳವೆಯೊಳಗೆ ಕೈ ಹಾಕಿದರೆ ಜೇಡರ ಬಲೆ.

ಕಾವಲುಗಾರ ಮುಕೋಸೆ ಬಂದು ನೋಡಿದ.

"ಕಾಲುವೆ ಹೀಗೆ ತಿಕ್ಕಿದೀರಲ್ಲ ನಬಿರ್ಯೆ, ನಿಮ್ಮ ಯಜಮಾನರ ಅಂಗೀನೂ ಇಷ್ಟು ತಿಕ್ಕಿರಲಿಕ್ಕಿಲ್ಲ."

"ಒಳಗೆಲ್ಲಿ ಕಟ್ಟಿದೆ ನೋಡಪ್ಪ."

"ಎಲ್ಲೂ ಕಟ್ಟಿಲ್ಲಮ್ಮ. ಹೊಸ ಯಂತ್ರ ಬಂದಿದೆ. ತೊಳೆದ ನೀರನ್ನೇ ಸೋಸಿ ಮತ್ತೆ ತೊಳೀತಾರೆ. ಇನ್ನು ಒಂದು ಹನೀನೂ ಆಚೆ ಬರಲ್ಲ."

"ಯಾವತ್ತೂ?"

"ಯಾವತ್ತೂ."

ಆಕೆ ಗುದ್ದಲಿಯ ಮಣ್ಣು ಒರೆಸಿದಳು. ಅಷ್ಟರಲ್ಲಿ ಕಚೇರಿಯವರು ಬಂದು, ಕಾಲುವೆ ಎಷ್ಟು ಸ್ವಚ್ಛವಾಗಿದೆ ಎಂದು ಮೆಚ್ಚಿ, ಫೋಟೋ ತೆಗೆಯಲು ಅದರೊಳಗೆ ನಿಲ್ಲಲು ಹೇಳಿದರು. ನಿಂತಳು. ಈಗ ಆ ಚಿತ್ರ ಕಾರ್ಖಾನೆಯ ಬಾಗಿಲಲ್ಲಿ ಆಳೆತ್ತರ ನಿಂತಿದೆ, ಕೆಳಗೆ 'ಹನಿಯೂ ಪೋಲಿಲ್ಲ' ಎಂಬ ಬರಹ.

ನೀರು ಉಳಿಸಿದ್ದು ತಪ್ಪೆನ್ನಲಾರೆ. ಊರಿಗೂ ಕಾರ್ಖಾನೆಗೂ ನೀರು ಕೊಡುವ ಸರೋವರ ಇಳಿಯುತ್ತಿರುವುದು ನನಗೂ ಕಾಣುತ್ತದೆ. ಆದರೆ ಪೋಲು ಎಂದು ತೀರ್ಮಾನಿಸಿದ ಮಹಾಶಯರು ಗೋಡೆಯ ಮೇಲಿಂದ ಒಮ್ಮೆ ಬಗ್ಗಿ ನೋಡಬಹುದಿತ್ತು. ಆ ಪೋಲಿಗೆ ಎಲೆ ಇತ್ತು, ಗೆಡ್ಡೆ ಇತ್ತು, ತಿನ್ನುವ ಎರಡು ಬಾಯಿ ಇತ್ತು. ಸೋಸುವ ಯಂತ್ರಕ್ಕೆ ದುಡ್ಡು ಹುಟ್ಟಿದ ಕಡೆ, ಪಾತಿಯವರೆಗೆ ಒಂದು ಕೊಳವೆಗೆ ಹುಟ್ಟುತ್ತಿರಲಿಲ್ಲವೇ? ಕಚೇರಿಗೆ ಹೋಗಿ ಕೇಳಿದೆ. ಆ ವಿಷಯ ನಮ್ಮ ವಿಭಾಗದ್ದಲ್ಲ ಅಂದರು.

ಎಲೆ ಹಳದಿಯಾದ ಮೇಲೆ ನಬಿರ್ಯೆ ಇದ್ದಬದ್ದ ಗೆಡ್ಡೆಯನ್ನೆಲ್ಲ ಕಿತ್ತಳು. ಬಾಳೆಲೆಯಲ್ಲಿ ಸುತ್ತಿ ಬೇಯಿಸಿ, ಕಡಲೆಕಾಯಿ ಸಾರಿನ ಜೊತೆ ಬಡಿಸಿದಳು. ನೀರು ಕಾಣದ ಕೆಸು. ಕಿರಿಯ ಅವಳಿ ತೇನ್ವಾ ಎರಡು ತುತ್ತಿಗೇ ಕತ್ತು ಹಿಡಿದುಕೊಂಡ.

"ಅಮ್ಮಾ, ಗಂಟಲು ಕೆರೀತಿದೆ."

ಆಕೆ ತನ್ನ ತಟ್ಟೆಯಿಂದ ತಲೆ ಎತ್ತಲಿಲ್ಲ.

"ನೀರು ಕುಡಿ," ಅಂದಳು.