ಈಳಿಗೆಯ ಮುಂದಿನ ರಾಜ್ಯಶಾಸ್ತ್ರ

ರಾಜ್ಯಶಾಸ್ತ್ರದಲ್ಲಿ ನನಗೆ ಯಾವ ಪದವಿಯೂ ಇಲ್ಲ. ಆದರೂ ಎಂಬತ್ತರ ದಶಕದಲ್ಲಿ ವಿಜಯವಾಡದ ರೇಡಿಯೋದಿಂದ ಹೊರಟ ಎಷ್ಟೋ ರಾಜಕೀಯ ಭಾಷಣಗಳು ಮೊದಲು ನನ್ನ ಈಳಿಗೆಯ ಮುಂದೆ ಪಾಸಾಗಿ ಹೋದವು ಎಂದರೆ ನೀವು ನಂಬಬೇಕು.

ನಮ್ಮ ಯಜಮಾನರು ವಿಶಾಖಪಟ್ಟಣದ ಕಾಲೇಜೊಂದರಲ್ಲಿ ಆ ಶಾಸ್ತ್ರದ ಮೇಷ್ಟ್ರು. ಊರು ಧಾರವಾಡ. ತೆಲುಗನ್ನು ನೀರು ಕುಡಿದಷ್ಟು ಸಲೀಸಾಗಿ ಮಾತಾಡುತ್ತಿದ್ದರು. ಬರೆಯುವುದು ಮಾತ್ರ ಕನ್ನಡ ಅಕ್ಷರದಲ್ಲಿ. ಚುನಾವಣೆ ಬಂದರೆ, ಸರ್ಕಾರವೊಂದು ಅಲುಗಾಡಿದರೆ, ರೇಡಿಯೋದವರು ಇವರನ್ನು ಕರೆಯುವರು. ಹೊರಡುವ ಮುನ್ನ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು ಭಾಷಣವನ್ನು ನನಗೆ ಓದಿ ಹೇಳುವರು. ನಾನು ತರಕಾರಿ ಹೆಚ್ಚುತ್ತ ಕೇಳಬೇಕು. ನನ್ನ ಕೈ ನಿಂತರೆ ಆ ವಾಕ್ಯ ತಿಳಿಯಲಿಲ್ಲವೆಂದು ಅರ್ಥ. ಕೂಡಲೇ ಪೆನ್ಸಿಲಿನಿಂದ ಗೀಟು ಹೊಡೆಯುವರು.

"ನನಗ ತಿಳೀತಲ್ರೀ" ಎಂದರೂ ಬಿಡುತ್ತಿರಲಿಲ್ಲ.

"ಬಾಯಿ ನಂಬಬಾರದು. ನನ್ನ ಕ್ಲಾಸಿನ ಹುಡುಗರೆಲ್ಲಾ ತಿಳೀತು ಅಂತನ ಅಂತಾರ. ಕೈ ಸುಳ್ಳು ಹೇಳಂಗಿಲ್ಲ."

ಹೀಗೆ 'ಶಾಸಕಾಂಗಕ್ಕೆ ಕಾರ್ಯಾಂಗದ ಉತ್ತರದಾಯಿತ್ವ' ಎಂಬುದು ಒಂದು ಹೀರೇಕಾಯಿಯ ನಡುವೆ ಪ್ರಾಣ ಬಿಟ್ಟಿತು. ಅದರ ಜಾಗಕ್ಕೆ, ಬೀಗದ ಕೈ ಯಾರ ಸೊಂಟದಲ್ಲಿದೆಯೋ ಅವರು ಮನೆಮಂದಿ ಕೇಳಿದಾಗ ಜವಾಬು ಹೇಳಬೇಕು ಎಂಬ ಮಾತು ಬಂತು. ಹಿಂದೆ ಗ್ರೀಸಿನಲ್ಲಿ ರಾಜ್ಯದ ವಿಚಾರವನ್ನು ಸಂತೆಕಟ್ಟೆಯಲ್ಲಿ ಚರ್ಚಿಸುತ್ತಿದ್ದರಂತೆ, ಹೆಂಗಸರಿಗೆ ಅದರಲ್ಲಿ ಮತವಿರಲಿಲ್ಲವಂತೆ. ನಮ್ಮ ಅಡುಗೆಮನೆಯಲ್ಲಿ ಒಬ್ಬಳೇ ಹೆಂಗಸಿನದು ಬಹುಮತ. ಎಷ್ಟೋ ಸಲ ನನ್ನ ಕೈ ನಿಂತದ್ದು ಬೆಂಡೆಕಾಯಿಯಲ್ಲಿ ಹುಳ ಕಂಡು. ಹಾಗೆ ಕೆಲವು ಒಳ್ಳೆಯ ವಾಕ್ಯಗಳೂ ದೇಶಕ್ಕೆ ನಷ್ಟವಾಗಿವೆ.

ಉಳಿದದ್ದನ್ನು ರೈಲಿನಲ್ಲಿ ಅಭ್ಯಾಸ ಮಾಡುವರು. ಊರಂಚಿನ ದುವ್ವಾಡ ಸ್ಟೇಷನ್ ದಾಟುವುದರೊಳಗೆ ಎದುರು ಸೀಟಿನವರಿಗೂ ಬಾಯಿಪಾಠವಾಗಿರುತ್ತಿತ್ತಂತೆ. ಭಾಷಣ ಪ್ರಸಾರವಾದ ಮರುದಿನ ಪಕ್ಕದ ಮನೆಯ ಸುಬ್ಬಲಕ್ಷ್ಮಿಗಾರು ಕಾಂಪೌಂಡಿನಾಚೆಯಿಂದ, "ಮೇಷ್ಟಾರಿ ಗೊಂತು ಎಂತ ಬಾಗುಂಟುಂದಂಡಿ" ಎನ್ನುವರು. ದನಿ ಎಷ್ಟು ಚೆಂದ ಎಂದು. ಏನು ಹೇಳಿದರೆಂದು ಆಕೆ ಎಂದೂ ಹೇಳಿದ್ದಿಲ್ಲ. ಇವರಿಗೆ ಅದರಿಂದ ಸ್ವಲ್ಪ ಬೇಸರ, ನನಗೆ ಪೂರಾ ಖುಷಿ.

ತೊಂಬತ್ತರ ದಶಕದ ಮೊದಲಿಗೆ ಆ ಗಂಟಲಿನಲ್ಲೇ ಗಡ್ಡೆ ಎಂದರು. ಆಪರೇಷನ್ನಿನಲ್ಲಿ ಪ್ರಾಣ ಉಳಿಯಿತು, ದನಿ ಹೋಯಿತು. ಸುಬ್ಬಲಕ್ಷ್ಮಿಗಾರು ಬಂದು ಒಂದು ಬಟ್ಟಲು ಪುಲಿಹೋರ, ಅವರ ಕಡೆಯ ಪುಳಿಯೋಗರೆ, ಇಟ್ಟು ಹೋದರು. ಬಂದರಿನಿಂದ ಹಡಗಿನ ಕೂಗು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಕಬ್ಬಿಣಕ್ಕೆ ಇರುವ ಗಂಟಲು ಇವರಿಗಿಲ್ಲವಲ್ಲ ಎಂದು ಸಂಕಟ.

ಮುಂದಿನ ಚುನಾವಣೆ ಬಂದಾಗ ಇವರು ಒಂದು ಭಾಷಣ ಬರೆದರು. ರೇಡಿಯೋದವರು ತಮ್ಮವರೊಬ್ಬರಿಂದ ಓದಿಸುತ್ತೇವೆಂದು ಒಪ್ಪಿದರು. ಮಗಳು ಅದನ್ನು ತೆಲುಗು ಲಿಪಿಗೆ ಇಳಿಸಿ ಕಳಿಸಿದಳು. ಓದಿ ಹೇಳುವ ಹಾಗಿರಲಿಲ್ಲವಾದ್ದರಿಂದ, ನನ್ನ ಪರೀಕ್ಷೆಯಾಗದೆ ಹೋದ ಮೊದಲ ಭಾಷಣ ಅದು. 'ಜನಕ್ಕೆ ತಿಳೀಲಿಲ್ಲಂದ್ರ ಬರಿಯೂದೂ ಬಿಡ್ತೀನಿ' ಎಂದು ಸ್ಲೇಟಿನ ಮೇಲೆ ಬರೆದು ನನಗೆ ತೋರಿಸಿದರು.

ಪ್ರಸಾರದ ಸಂಜೆ ರೇಡಿಯೋವನ್ನು ಅಡುಗೆಮನೆಗೇ ತಂದಿಟ್ಟರು. ತಮ್ಮ ಕನ್ನಡ ಅಕ್ಷರದ ಪ್ರತಿ, ಪೆನ್ಸಿಲು, ಮಣೆ. ರೇಡಿಯೋದಲ್ಲಿ ಯಾರದೋ ಎಳೆಯ ದನಿ. ಇವರು ಕೇಳುತ್ತಲೇ ಇರಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಬೆಂಡೆಕಾಯಿ ಹೆಚ್ಚುತ್ತಿದ್ದೆ.

"ಗಟ್ಟಿಯಾಗಿ ಮಾತಾಡುವವರು ಹೇಗಾದರೂ ಕೇಳಿಸುತ್ತಾರೆ. ದನಿಯಿಲ್ಲದವನನ್ನೂ ಎಣಿಕೆಗೆ ಹಿಡಿಯಬೇಕೆಂದೇ ಮತಪೆಟ್ಟಿಗೆ ಇರುವುದು" ಎಂದಿತು ಆ ದನಿ.

ನನ್ನ ಕೈ ನಿಂತುಬಿಟ್ಟಿತು. ಇವರ ಮುಖ ಬಾಡಿತು. ಪೆನ್ಸಿಲು ತೆಗೆದುಕೊಂಡು ಆ ಸಾಲಿನ ಮೇಲೆ ಗೀಟು ಎಳೆದರು.

"ಹೊಡೀಬ್ಯಾಡ್ರೀ, ತಿಳೀತು" ಎಂದೆ. ಇಲ್ಲವೆಂದು ತಲೆಯಾಡಿಸಿದರು. ಬಾಯಿಯನ್ನು ಅವರು ಎಂದು ನಂಬಿದ್ದರು?

ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಕಣ್ಣು ಮಂಜಾಗಿದ್ದರೂ ಹೆಚ್ಚತೊಡಗಿದೆ, ಒಂದಾದ ಮೇಲೊಂದು, ನಿಲ್ಲಿಸದೆ. ಇವರು ಬಹಳ ಹೊತ್ತು ನನ್ನ ಕೈ ನೋಡಿದರು. ಆಮೇಲೆ ರಬ್ಬರು ಹುಡುಕಿ ಆ ಗೀಟನ್ನು ಅಳಿಸಿದರು.

ಅವತ್ತಿನ ಪಲ್ಯದಲ್ಲಿ ಒಂದು ಹೋಳಿನಂತೆ ಇನ್ನೊಂದಿರಲಿಲ್ಲ. ಮೊದಲಾಗಿದ್ದರೆ ಎಷ್ಟು ಆಡಿಕೊಳ್ಳುತ್ತಿದ್ದರೋ. ಈಗ ಎರಡನೆಯ ಸಲ ಬಡಿಸಿಕೊಂಡು ಉಂಡರು, ಕೈ ತೊಳೆದು ಬಂದು ಹೊಸ ಹಾಳೆ ತೆಗೆದರು.