ಮೂರು ದಿನದ ಪಥ್ಯ

ನನ್ನ ಕಣ್ಣುರಿಗೆ ಎಲ್ಲರೂ ಹೇಳುತ್ತಿದ್ದದ್ದು ಒಂದೇ ಕಾರಣ, ಹಬೆ. ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ಇಪ್ಪತ್ತಾರು ವರ್ಷದಿಂದ ಬಿಸಿನೀರಿನ ಮುಂದೆ ಕೂತು ರೇಷ್ಮೆಗೂಡಿನಿಂದ ನೂಲು ತೆಗೆಯುವವಳಿಗೆ ಕಣ್ಣು ಉರಿಯದೆ ಇನ್ನೇನು? ನಾನೂ ನಂಬಿದೆ. ಔಷಧಿ ಅಂಗಡಿಯವನು ಕೊಟ್ಟ ಹನಿ ಹಾಕಿಕೊಂಡೇ ವರ್ಷ ಕಳೆದೆ. ಕಣ್ಣೊಳಗೆ ಮರಳು ಹೊಕ್ಕಂತಾಗುವುದು ಮಾತ್ರ ನಿಲ್ಲಲಿಲ್ಲ.

ಸಕ್ಕರೆ ಕಾಯಿಲೆ ಇತ್ತು. ಆದರೆ ನಮ್ಮ ಮನೆಯಲ್ಲಿ ಅದು ರಕ್ತಪರೀಕ್ಷೆಗೆ ಮುಂಚಿನ ಮೂರು ದಿನ ಮಾತ್ರ ಇರುತ್ತಿತ್ತು. ಆ ಮೂರು ದಿನ ಹಾಗಲಕಾಯಿ ರಸ, ನಿಂಬೆಹಣ್ಣಿನ ಗಾತ್ರದ ಮುದ್ದೆ, ಸಪ್ಪೆ ಟೀ. ರಕ್ತ ಕೊಟ್ಟು ಬರುವ ದಾರಿಯಲ್ಲೇ ಬೇಕರಿಗೆ ನುಗ್ಗಿ ದಿಲ್‌ಪಸಂದ್. ನಮ್ಮ ಯಜಮಾನರಂತೂ ಚೀಟಿ ಹಿಡಿದು ಬೀದಿಗೆಲ್ಲ ತೋರಿಸುವರು. "ನೋಡ್ರಪ್ಪಾ, ನಮ್ಮೋಳ್ದು ನಾರ್ಮಲ್!" ಆಗ ನಾನೂ ಬೀಗುತ್ತಿದ್ದೆನಲ್ಲ, ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಒಂದು ದಿನ ನೀರಲ್ಲಿ ತೇಲುವ ಗೂಡಿನ ಎಳೆಯೇ ಕಾಣಲಿಲ್ಲ. ಕಣ್ಣೀರು ಅಡ್ಡ, ಒರೆಸಿದರೆ ಉರಿ. ನೂಲು ಪದೇ ಪದೇ ಕಡಿಯಿತು. ಮಾಲೀಕ, "ನಾಳೆಯಿಂದ ಗೂಡು ಆರಿಸ್ಕೊಂಡಿರಮ್ಮ, ಇಲ್ಲಿಗೆ ಬೇರೆಯೋರು ಬರ್ತಾರೆ" ಅಂದ. ನನ್ನ ಜಾಗ ಹೋಯಿತು.

ಮಾರನೆ ದಿನ ನಾನೂ ಯಜಮಾನರೂ ದೇವನಹಳ್ಳಿಯ ಕಣ್ಣಿನ ಡಾಕ್ಟರಮ್ಮನ ಮುಂದೆ ಕೂತೆವು. "ಕಣ್ಣು ಒಣಗಿದೆ" ಅಂದರು.

"ನೀರು ಸುರೀತಾ ಇದೆ, ಒಣಗಿದೆ ಅಂತೀರಲ್ಲ?"

"ಒಣಗಿ ಉರಿಯೋದಕ್ಕೇ ಸುರಿಯೋದಮ್ಮ. ಹಬೆಯಿಂದ್ಲೂ ಆಗುತ್ತೆ. ಆದ್ರೆ ಶುಗರ್ ಹತೋಟಿಲಿ ಇಲ್ದಿದ್ರೆ ಕಣ್ಣಿನ ಪಸೆನೇ ಕೆಡುತ್ತೆ."

ಯಜಮಾನರು ಠೀವಿಯಿಂದ ಚೀಟಿ ಚಾಚಿದರು. ಡಾಕ್ಟರಮ್ಮ ಅದನ್ನು ಪಕ್ಕಕ್ಕಿಟ್ಟು, ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ ಬರೆದರು. ಆ ಪರೀಕ್ಷೆಗೆ ಹಾಗಲಕಾಯಿಯ ಆಟ ನಡೆಯಲಿಲ್ಲ. ಸಕ್ಕರೆ ಮಿತಿಮೀರಿದ್ದ ವರದಿ ನೋಡಿ ಯಜಮಾನರು, "ಮಿಷನ್ ಕೆಟ್ಟಿರ್ಬೇಕು ಕಣೇ" ಅಂದಾಗ ಆಸ್ಪತ್ರೆಯೆಲ್ಲ ತಿರುಗಿ ನೋಡುವಂತೆ ಕೂಗಾಡಿದೆ. ಅರ್ಧ ಬೈಗುಳ ನನಗೇ ಸೇರಬೇಕಾದದ್ದು.

ಈಗ ಗುಳಿಗೆ ತಪ್ಪಿಸುವುದಿಲ್ಲ, ದಿನವೂ ಪಥ್ಯ. ಉರಿ ಕೊಂಚ ತಗ್ಗಿದೆ. ಎಳೆ ಇನ್ನೂ ಸರಿಯಾಗಿ ಕಾಣುವುದಿಲ್ಲ, ಗೂಡು ಆರಿಸುತ್ತಿದ್ದೇನೆ. ಮೊನ್ನೆ ನನ್ನ ಜಾಗದಲ್ಲಿ ಕೂತವಳು ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದಳು.

"ಹಬೆ ಕಣಕ್ಕ" ಅಂದಳು.

"ಶುಗರ್ ಐತಾ?"

"ಐತೆ. ನಾಡಿದ್ದು ಟೆಸ್ಟು. ಅದಕ್ಕೇ ನೋಡು" ಎಂದು ಪಕ್ಕದ ಬಾಟಲಿ ಎತ್ತಿ ತೋರಿಸಿದಳು. ಹಾಗಲಕಾಯಿ ರಸ.

ಕಿತ್ತುಕೊಂಡು ಮೋರಿಗೆ ಸುರಿದೆ. "ದಿನಾ ತಿನ್ನೋದನ್ನೇ ತಿಂದು ಹೋಗೇ" ಅಂತ ಕೂಗಿದೆ. "ನಿನ್ ಚೀಟಿಯಾದ್ರೂ ನಿಜ ಹೇಳ್ಲಿ."